ಪೊರೆ ಕಳಚದ ಮೂಳೆಯ ಸ್ಲೈಡ್

ಮೂಳೆಯ ಹೊರಪೊರೆ ಪೆರಿಯಾಸ್ಟಿಯಂ, ಒಳಪೊರೆ ಎಂಡಾಸ್ಟಿಯಂ ಎರಡೂ ಮೈಕ್ರೋಸ್ಕೋಪಿಗೆಂದು ಕೊಯ್ದ ಒಂದೇ ತೆಳು ಸೆಕ್ಷನ್‌ನಲ್ಲಿ ಹರಿಯದೆ ಕುಳಿತಿವೆ. "ನಮ್ಮ ಲ್ಯಾಬಿನಲ್ಲಿ ಆಗುವ ಕೆಲಸವಲ್ಲ, ಕೊಂಡು ತರಿಸೋಣ" ಎಂದವರೇ ಈಗ ನನ್ನ ಸ್ಲೈಡನ್ನು ಪ್ರಾಕ್ಟಿಕಲ್ ಪರೀಕ್ಷೆಗೆ ಇಡುತ್ತಿದ್ದಾರೆ.

ಮೂಳೆಯನ್ನು ತೆಳುವಾಗಿ ಕೊಯ್ಯಲು ಅದರ ಸುಣ್ಣ ತೆಗೆಯಬೇಕು. ಅದಕ್ಕೆ ಮೊದಲು ಎಲ್ಲರಂತೆ ಶೇ. 5ರ ನೈಟ್ರಿಕ್ ಆಮ್ಲವನ್ನೇ ಬಳಸಿದೆ. ಕೆಲವೇ ದಿನಗಳಲ್ಲಿ ಮೂಳೆ ಮೆತ್ತಗಾಗುತ್ತಿತ್ತು, ಆದರೆ ಕೋಶಕೇಂದ್ರಕ್ಕೆ ನೀಲಿ ಬಣ್ಣ ಕೊಡುವ ಹೆಮಟಾಕ್ಸಿಲಿನ್ ಸರಿಯಾಗಿ ಹಿಡಿಯುತ್ತಿರಲಿಲ್ಲ. ಪೆರಿಯಾಸ್ಟಿಯಂನ ಒಳಪದರದ ಕೋಶಗಳೆಲ್ಲ ಮಂಕಾಗಿ ಬರಿಯ ಗುಲಾಬಿ ಪಟ್ಟಿ ಉಳಿಯುತ್ತಿತ್ತು. ಎಂಡಾಸ್ಟಿಯಂ ಎಂದರೆ ಒಂದು ಸಾಲು ಚಪ್ಪಟೆ ಕೋಶ. ಮಜ್ಜೆ ತೊಳೆದರೆ ಅದೂ ಹೋಯಿತು. ಒಣಮೂಳೆಯನ್ನು ತೇಯ್ದು ಗ್ರೌಂಡ್ ಸೆಕ್ಷನ್ ಮಾಡಿ ಎಂದು ಸಲಹೆ ಕೊಟ್ಟವರೂ ಇದ್ದರು. ಅದರಲ್ಲಿ ಕೋಶಗಳಿದ್ದ ಗೂಡುಗಳು (ಲಕ್ಯೂನ), ಅವನ್ನು ಸೇರಿಸುವ ಸಣ್ಣ ಕಾಲುವೆಗಳು (ಕೆನಾಲಿಕ್ಯುಲಿ) ಸೊಗಸಾಗಿ ಕಾಣುತ್ತವೆ, ಪೊರೆಯೇ ಇರುವುದಿಲ್ಲ!

ಕೊನೆಗೆ ಹಿಡಿದದ್ದು ಮೂಳೆಯ ಸುಣ್ಣವನ್ನು ನಿಧಾನವಾಗಿ ಸೆಳೆದು ತೆಗೆಯುವ ಇಡಿಟಿಎ: ಶೇ. 14ರಷ್ಟು, ಪಿಎಚ್ 7.4ರ ಆಸುಪಾಸು. ಅರ್ಧ ಕಿಲೋ ಡಬ್ಬಿಗೆ ಸಾವಿರ ರೂಪಾಯಿ ಹತ್ತಿರ ಹತ್ತಿರ ಆಯಿತು, ಅದೂ ಒಂದರಲ್ಲಿ ಮುಗಿಯಲಿಲ್ಲ. "ಪರೀಕ್ಷೆ ಮುಗಿದ ಮೇಲೆ ನಿಮ್ಮ ಸ್ಲೈಡ್ ಬರುತ್ತದೆ ಮೇಡಂ" ಎಂದು ವಿಭಾಗದ ಮುಖ್ಯಸ್ಥರು ನಕ್ಕರು. ತಿಂಗಳ ಮೇಲೆ ಹಿಡಿದದ್ದು ನಿಜವೇ. ಮೂರು ಮಿಲಿಮೀಟರಿನ ಬಿಲ್ಲೆಗಳು, ವಾರಕ್ಕೊಮ್ಮೆ ಹೊಸ ದ್ರಾವಣ, ಮಜ್ಜೆ ಇದ್ದಲ್ಲೇ ಇರಲಿ. ಮೆತ್ತಗಾಯಿತೇ ಎಂದು ಸೂಜಿ ಚುಚ್ಚಿ ನೋಡುವ ಚಟ ಬಿಡಿ. ಬಿಲ್ಲೆಯ ಎಕ್ಸ್-ರೇ ತೆಗೆಸಿದರೆ ಸುಣ್ಣ ಉಳಿದಿದೆಯೋ ಇಲ್ಲವೋ ತಿಳಿಯುತ್ತದೆ.

ಅರ್ಧ ಗೆಲುವು ಮಟನ್ ಅಂಗಡಿಯಲ್ಲೇ ಇದೆ. ಮರಿಮೇಕೆಯ ತೊಡೆಮೂಳೆಯೇ ಬೇಕು, ಏಕೆಂದರೆ ಬೆಳೆಯುವ ಪ್ರಾಣಿಯಲ್ಲಿ ಪೆರಿಯಾಸ್ಟಿಯಂನ ಒಳಪದರ ದಪ್ಪಗಿದ್ದು, ಮೂಳೆ ಕಟ್ಟುವ ಕೋಶಗಳಾದ ಆಸ್ಟಿಯೋಬ್ಲಾಸ್ಟ್‌ಗಳು ಸಾಲಾಗಿ ಸಿಗುತ್ತವೆ. ಮುದಿ ಮೇಕೆಯಲ್ಲಿ ಹುಡುಕಿ ಸುಸ್ತಾಗುತ್ತೀರಿ. ಚಾಕು ಮೂಳೆಗೆ ತಾಗಬಾರದು, ತೆಳುವಾಗಿ ಮಾಂಸ ಉಳಿಯಬೇಕು ಎಂದೆ. ಅಂಗಡಿಯವನು ನನ್ನನ್ನು ವಿಚಿತ್ರವಾಗಿ ನೋಡಿ ಐವತ್ತು ರೂಪಾಯಿ ಹೆಚ್ಚಿಗೆ ಕೇಳಿದ. ಕೊಟ್ಟೆ.

ಸೆಕ್ಷನ್ ಸ್ಲೈಡಿನಿಂದ ಏಳದಿರಲು ಜಿಲಾಟಿನ್ ಲೇಪಕ್ಕೆ ನಾನೊಂದು ವಸ್ತು ಬೆರೆಸುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಲ್ಯಾಬಿಗೆ ಬಂದವರಿಗೆ ಹೇಳಿಕೊಡುತ್ತೇನೆ.

ನಡುವೆ ಇನ್ನೊಂದು ಹುಚ್ಚು. ಕೆಟ್ಟ ಕ್ಯಾಲ್ಕ್ಯುಲೇಟರಿನ ಪರದೆಯಿಂದ, ಬೆಳಕನ್ನು ಒಂದೇ ದಿಕ್ಕಿನ ಕಂಪನಕ್ಕೆ ಸೋಸುವ ಪೋಲರೈಸರ್ ಹಾಳೆ ಕಿತ್ತು, ಒಂದು ತುಂಡನ್ನು ದೀಪದ ಮೇಲೆ, ಇನ್ನೊಂದನ್ನು ಐಪೀಸ್ ಮೇಲೆ ಇಟ್ಟು ತಿರುಗಿಸಿದೆ. ಸ್ನಾಯುರಜ್ಜು ಅಂಟಿದ್ದ ಕಡೆ ಪೆರಿಯಾಸ್ಟಿಯಂನಿಂದ ಮೂಳೆಯೊಳಗೆ ಇಳಿದ ಶಾರ್ಪೀ ನಾರುಗಳು ಬೆಳ್ಳಗೆ ಹೊಳೆದವು. ಖರ್ಚು ಸೊನ್ನೆ.

ಈಗ ಪಕ್ಕೆಲುಬು ದ್ರಾವಣದಲ್ಲಿದೆ. ಒಳಗಿನ ಸ್ಪಂಜಿನಂಥ ಮೂಳೆಯ ಎಳೆಗಳಾದ ಟ್ರಬೆಕ್ಯುಲಗಳ ಮೇಲಿನ ಎಂಡಾಸ್ಟಿಯಂ ಅದರಲ್ಲಿ ಉಳಿದರೆ ಮುಖ್ಯಸ್ಥರಿಂದ ಎರಡನೇ ಡಬ್ಬಿಯ ದುಡ್ಡು ವಸೂಲು ಮಾಡುತ್ತೇನೆ.