ಫ್ಯಾಮಿಕಾಮ್ ಪರದೆಯ ಗೆರೆ ಕೊನೆಗೂ ಹೋಯಿತು: ನನ್ನ ಅನುಭವ

ಫ್ಯಾಮಿಕಾಮ್ ಅಂದರೆ ನಿಂಟೆಂಡೊದ ಹಳೆಯ ಜಪಾನಿ ಗೇಮ್ ಯಂತ್ರ. ಅದರ ಎಚ್‌ವಿಸಿ-ಸಿಪಿಯು-07 ಬೋರ್ಡಿಗೆ ಎವಿ ಮಾಡಿದರೆ (ಚಿತ್ರ, ಶಬ್ದ ನೇರ ಟಿವಿಗೆ ಹೋಗುವ ಹಾಗೆ ತಂತಿ ಹಾಕಿದರೆ) ಪರದೆ ತುಂಬ ಉದ್ದುದ್ದ ಗೆರೆ ಬಂದೇ ಬರುತ್ತದೆ, ಅದನ್ನು ತೆಗೆಯೋಕೆ ಆಗಲ್ಲ, ಜಿಪಿಎಂ-02 ಬೋರ್ಡ್ ಹುಡುಕು, ಇಲ್ಲದಿದ್ದರೆ 1993ರ ಎವಿ ಮಾಡೆಲ್ಲನ್ನೇ ಕೊಂಡುಕೋ. ಕೇಳಿದವರೆಲ್ಲ ನನಗೆ ಹೇಳಿದ್ದು ಇದನ್ನೇ. ಈಗ ನನ್ನ ಮೇಜಿನ ಮೇಲೆ ಓಡುತ್ತಿರುವುದು 07 ಬೋರ್ಡೇ. ಸೂಪರ್ ಮಾರಿಯೋ ಬ್ರದರ್ಸ್‌ನ ಮೊದಲ ಹಂತದ ನೀಲಿ ಆಕಾಶದಲ್ಲಿ ಎಷ್ಟು ಹತ್ತಿರ ಹೋಗಿ ನೋಡಿದರೂ ಗೆರೆ ಕಾಣುವುದಿಲ್ಲ.

ಆರ್‌ಎಫ್ (ಟಿವಿ ಚಾನೆಲ್ ಹಿಡಿದು ಆಂಟೆನಾ ತಂತಿಯಲ್ಲಿ ಚಿತ್ರ ಕಳಿಸುವುದು) ಇದ್ದರೆ ಸಾಲದೇ, ಎವಿ ಯಾಕೆ ಅನ್ನುವವರಿಗೆ ಒಂದು ಮಾತು. ಈ ಯಂತ್ರ ಜಪಾನಿನ 1 ಮತ್ತು 2ನೇ ಚಾನೆಲ್‌ಗೆ ಮಾಡಿದ್ದು. ಅವೆರಡೂ 90ರಿಂದ 102 ಮೆಗಾಹರ್ಟ್ಸ್ ಒಳಗೆ ಬರುತ್ತವೆ, ಅಂದರೆ ಬೇರೆ ಕಡೆ ಎಫ್‌ಎಂ ರೇಡಿಯೊ ಇರುವ ಜಾಗ. ಟಿವಿ ಟ್ಯೂನ್ ಮಾಡುತ್ತ ಕೂತು ನಾನು ಎರಡು ವಾರ ಕಳೆದೆ. ಸಿಕ್ಕಿದ ಚಿತ್ರಕ್ಕಿಂತ ಕೇಳಿದ ಹಾಡೇ ಜಾಸ್ತಿ.

ಮೊದಲು ದುಡ್ಡಿನ ವಿಷಯ. ಜಪಾನಿನ ಹರಾಜಿನಲ್ಲಿ 'ಜಂಕ್' ಎಂದು ಬರೆದು ಮಾರುವ ಫ್ಯಾಮಿಕಾಮ್‌ಗಳಲ್ಲಿ ಎರಡನ್ನು ಒಟ್ಟಿಗೆ ಸುಮಾರು 2,500 ಯೆನ್‌ಗೆ ಹಿಡಿದೆ. ಮೂರನೆಯದಕ್ಕೆ 1,800 ಚಿಲ್ಲರೆ ಆಗಿರಬೇಕು. ಸಾಗಣೆಗೆ ಇದರ ದುಪ್ಪಟ್ಟು. ಆಮೇಲೆ ಡಿಸ್ಕ್ ಸಿಸ್ಟಮ್ (ಆಟವನ್ನು ಡಿಸ್ಕ್‌ನಿಂದ ಓದುವ, ಫ್ಯಾಮಿಕಾಮ್‌ಗೆ ಜೋಡಿಸುವ ಸಾಧನ) ಹುಚ್ಚು ಬೇರೆ ಹಿಡಿಯಿತು. 1983ರ ಜುಲೈ 15ರಂದು ಹೊಸ ಫ್ಯಾಮಿಕಾಮ್ ಬಂದಾಗ ಬೆಲೆ 14,800 ಯೆನ್. ನನ್ನ ಖರ್ಚು ಅದನ್ನು ಯಾವಾಗಲೋ ದಾಟಿತು, ಬೇಸರವೇನಿಲ್ಲ.

ಮೊದಲನೆಯದನ್ನು ಕೆಡಿಸಿದ್ದು ನಾನೇ. ಚಿತ್ರ ಮೂಡಿಸುವ ಪಿಪಿಯು ಚಿಪ್ಪನ್ನು ಪೂರ್ತಿ ಕಿತ್ತು ಸಾಕೆಟ್ ಹಾಕಿದರೆ ಮುಂದೆ ಸುಲಭ ಅಂದುಕೊಂಡೆ. 40 ಕಾಲಿನ ಚಿಪ್. ಮೂವತ್ತು ಕಾಲು ಸಲೀಸಾಗಿ ಬಿಟ್ಟವು. ಉಳಿದವಕ್ಕೆ ಅವಸರ ಮಾಡಿ ಕಾವು ಹೆಚ್ಚಿಸಿದೆ, ನಾಲ್ಕು ತಾಮ್ರದ ಬಿಲ್ಲೆಗಳು ಚಿಪ್ಪಿನ ಜೊತೆಗೇ ಎದ್ದು ಬಂದವು. ತಂತಿ ಎಳೆದು ಜೋಡಿಸಿದರೂ ಪರದೆ ಮೇಲೆ ಬರೀ ಕಸ. ಆ ಬೋರ್ಡ್ ಈಗ ಬಿಡಿಭಾಗದ ಡಬ್ಬಿಯಲ್ಲಿದೆ. ಚಿಪ್ ಕೀಳಬೇಡಿ, ಅದರ ಅಗತ್ಯವೇ ಇಲ್ಲ.

ಎರಡನೆಯದರಲ್ಲಿ ಎಲ್ಲರೂ ಮಾಡುವ ಹಾಗೆಯೇ ಮಾಡಿದೆ. ಪಿಪಿಯುವಿನ 21ನೇ ಕಾಲಿನಿಂದ ವಿಡಿಯೊ, 2ಎಸ್‌ಎ1015 ಟ್ರಾನ್ಸಿಸ್ಟರ್, 220 ಮೈಕ್ರೋಫ್ಯಾರಡ್ ಕೆಪಾಸಿಟರ್, ಹಳದಿ ಸಾಕೆಟ್. ಶಬ್ದವನ್ನು ನೇರ ಸಿಪಿಯು ಕಾಲಿನಿಂದ ತೆಗೆದೆ. ಚಿತ್ರ ಬಂತು, ಗೆರೆಯೂ ಬಂತು. ಅದಕ್ಕಿಂತ ಹೊಟ್ಟೆ ಉರಿದದ್ದು ಅಕುಮಾಜೋ ಡೆನ್ಸೆತ್ಸು ಆಟ ಹಾಕಿದಾಗ. ಆ ಕಾರ್ಟ್ರಿಜ್ ಒಳಗೆ ಕೊನಾಮಿಯ ವಿಆರ್‌ಸಿ6 ಚಿಪ್ ಇದೆ, ಅದೊಂದೇ ಮೂರು ಸ್ವರ ಹೆಚ್ಚಿಗೆ ಕೊಡುತ್ತದೆ. ನನಗೆ ಅದರಲ್ಲಿ ಒಂದೂ ಕೇಳಲಿಲ್ಲ, ಹಾಡಿನ ಜೀವವೇ ಹೋಗಿತ್ತು. ಫ್ಯಾಮಿಕಾಮ್‌ನಲ್ಲಿ ಶಬ್ದ ಕಾರ್ಟ್ರಿಜ್ ಸಾಕೆಟ್ಟಿನ 45ನೇ ಪಿನ್ನಿನಿಂದ ಕಾರ್ಟ್ರಿಜ್ ಒಳಕ್ಕೆ ಹೋಗಿ, ಅಲ್ಲಿಯ ಸ್ವರ ಬೆರೆಸಿಕೊಂಡು 46ರಿಂದ ವಾಪಸ್ ಬರುತ್ತದೆ. ತೆಗೆದುಕೊಳ್ಳಬೇಕಾದ್ದು 46ರ ಕಡೆಯಿಂದ. ಸಿಪಿಯುವಿನಿಂದಲೇ ತೆಗೆದು 'ಎವಿ ಮಾಡಿದ್ದೇನೆ' ಎಂದು ಮಾರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಅದೇ ಯಂತ್ರಕ್ಕೆ ಒಂದು ರಾತ್ರಿ ನಿದ್ದೆಗಣ್ಣಿನಲ್ಲಿ ಎನ್‌ಇಎಸ್‌ನ (ಫ್ಯಾಮಿಕಾಮ್‌ನ ಅಮೆರಿಕದ ರೂಪ) ಅಡಾಪ್ಟರ್ ಚುಚ್ಚಿದೆ. ಅದು ಕೊಡುವುದು ಎಸಿ. ಫ್ಯಾಮಿಕಾಮ್‌ಗೆ ಬೇಕಾದ್ದು ನಡುವೆ ಮೈನಸ್ ಇರುವ 10 ವೋಲ್ಟ್ ಡಿಸಿ. ಟಪ್ ಅಂತ ಒಂದು ಸದ್ದು, ಮೀನು ಸುಟ್ಟಂಥ ವಾಸನೆ. 5 ವೋಲ್ಟ್ ಮಾಡಿಕೊಡುವ 7805 ಮತ್ತು ಪಕ್ಕದ ದೊಡ್ಡ ಕೆಪಾಸಿಟರ್ ಬದಲಿಸಿದರೂ ಎದ್ದೇಳಲಿಲ್ಲ.

ಮೂರನೆಯದಕ್ಕೆ ಕೈ ಹಾಕುವ ಮೊದಲು ಒಂದು ತಿಂಗಳು ಗೆರೆಯನ್ನೇ ನೋಡುತ್ತ ಕೂತೆ. ಅದು ಅಲುಗಾಡುವುದಿಲ್ಲ. ಆಟ ಬದಲಿಸಿದರೂ ಅದೇ ಅಂತರ. ಪಿಪಿಯು 8 ಪಿಕ್ಸೆಲ್‌ಗೊಮ್ಮೆ ಮೆಮೊರಿ ಓದುವ ಅದೇ ಸರದಿಯನ್ನು ಸುತ್ತುತ್ತದೆ. ಆ ಗದ್ದಲ ವಿಡಿಯೊ ತಂತಿಗೆ ಅಂಟಿದರೆ ಪ್ರತಿ ಸಾಲಿನಲ್ಲೂ ಅದೇ ಜಾಗಕ್ಕೆ ಬೀಳುತ್ತದೆ, ಗೆರೆ ನಿಲ್ಲುತ್ತದೆ. ಹಾಗಾದರೆ 21ನೇ ಕಾಲು ಬೋರ್ಡಿಗೆ ತಾಗಲೇಬಾರದು.

ಸೋಲ್ಡರ್ ಹೀರಿ ಆ ಒಂದೇ ಕಾಲನ್ನು ತೂತಿನಿಂದ ಬಿಡಿಸಿ, ಸಣ್ಣ ಚಿಮುಟದಲ್ಲಿ ಮೆಲ್ಲಗೆ ಅಡ್ಡಕ್ಕೆ ಎತ್ತಿದೆ. ಎರಡು ಸಲ ಬಗ್ಗಿಸಿದರೆ ಮುರಿಯುತ್ತದೆ, ಒಂದೇ ಸಲ. ಟ್ರಾನ್ಸಿಸ್ಟರನ್ನು ಅಲ್ಲೇ, ಚಿಪ್ಪಿನ ಬೆನ್ನ ಮೇಲೆ ಮಲಗಿಸಿದೆ. ಕಾಲಿನಿಂದ ಅದರ ಬೇಸ್‌ಗೆ ಅರ್ಧ ಸೆಂಟಿಮೀಟರೂ ಇಲ್ಲ. ಅದಕ್ಕೆ ಬೇಕಾದ 5 ವೋಲ್ಟನ್ನು ಪಿಪಿಯು ಪಕ್ಕದಿಂದ ಕದಿಯದೆ 7805ರ ಬುಡದಿಂದಲೇ ಬೇರೆ ತಂತಿಯಲ್ಲಿ ತಂದೆ. ಚಿಪ್ಪಿನ 20 ಮತ್ತು 40ನೇ ಕಾಲಿನ ನಡುವೆ ಒಂದು ಸೆರಾಮಿಕ್ ಕೆಪಾಸಿಟರ್. ಇಷ್ಟಕ್ಕೆ ಗೆರೆ ಮುಕ್ಕಾಲು ಪಾಲು ಅಳಿಯಿತು. ಉಳಿದ ಕಾಲು ಪಾಲು ಒಂದು ತುಂಡು ತಾಮ್ರದ ಹಾಳೆಯಿಂದ ಹೋಯಿತು. ಅದನ್ನು ಎಲ್ಲಿಟ್ಟು ಯಾವ ಬಿಂದುವಿನಲ್ಲಿ ಗ್ರೌಂಡ್ ಮಾಡಿದೆ ಅನ್ನುವುದು ನನ್ನಲ್ಲೇ ಇರಲಿ. ಹುಡುಕಿದರೆ ನಿಮಗೂ ಸಿಗುತ್ತದೆ.

ನಡುವೆ ಹಳದಿಯಾದ ಮೇಲ್ಕವಚಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಕ್ರೀಮ್ ಬಳಿದು ಬಿಸಿಲಿಗೂ ಇಟ್ಟೆ. ಕ್ರೀಮ್ ಒಣಗಿದ ಕಡೆ ಕಲೆಕಲೆಯಾಯಿತು. ಪ್ಲಾಸ್ಟಿಕ್ ಹಾಳೆ ಸುತ್ತಿ ಗಂಟೆಗೊಮ್ಮೆ ತಿರುಗಿಸಿದ ಎರಡನೇ ಕವಚ ಚೆನ್ನಾಗಿ ಬಂತು.

ಡಿಸ್ಕ್ ಸಿಸ್ಟಮ್ ಬಿಚ್ಚಿದಾಗ ಒಳಗಿನ ಬೆಲ್ಟ್ ಕರಗಿ ಡಾಂಬರಿನ ಹಾಗೆ ರಾಟೆಗೆ ಅಂಟಿತ್ತು. ಹತ್ತಿಕಡ್ಡಿ, ಆಲ್ಕೊಹಾಲ್ ಹಿಡಿದು ಒಂದು ಇಡೀ ಸಂಜೆ ಒರೆಸಿದೆ. ಹೊಸ ಬೆಲ್ಟ್ ಹಾಕಿದ ಮೇಲೂ ಓದಲಿಲ್ಲ, ಡಿಸ್ಕ್ ತಿರುಗಿಸುವ ಕೆಳಗಿನ ಹಬ್ ತನ್ನ ಜಾಗದಿಂದ ಸರಿದುಹೋಗಿತ್ತು. ಕೂದಲೆಳೆಯಷ್ಟು ಸರಿಸುವುದು, ಪರೀಕ್ಷಿಸುವುದು, ಮತ್ತೆ ಸರಿಸುವುದು. ನಲವತ್ತು ಸಲವಾದರೂ ಆಗಿರಬೇಕು. ಅದರ ಕೋನ ಹಿಡಿಯುವ ಉಪಾಯ ಇನ್ನೊಂದು ಬರಹಕ್ಕೆ.

ಓದಿದ ಮೊದಲ ಡಿಸ್ಕ್ ಜೆಲ್ಡಾ. 1986ರ ಫೆಬ್ರವರಿ 21ರಂದು ಡಿಸ್ಕ್ ಸಿಸ್ಟಮ್ ಜೊತೆಗೇ ಬಂದ ಆಟ. ಕಪ್ಪು ಪರದೆ ಗೆರೆಯಿಲ್ಲದೆ ಕಪ್ಪಾಗಿಯೇ ಇತ್ತು. ಹಿಂದೆಯೇ ಟೈಟಲ್ ಸಂಗೀತ ಶುರುವಾಯಿತು, ಅದರಲ್ಲಿ ಡಿಸ್ಕ್ ಚಿಪ್ಪಿನ ಗಂಟೆಯಂಥ ನಾದ ಬೇರೆಯಾಗಿ, ಸ್ಪಷ್ಟವಾಗಿ, 46ನೇ ಪಿನ್ನಿನಿಂದ ಹೊರಬರುತ್ತಿತ್ತು.