ಮನಸ್ಸಿಗೆ ನಾಟುವ ಭಾಷಣ: ತಯಾರಿ ಹೀಗಿರಲಿ

'ಸೋಲೇ ಗೆಲುವಿನ ಸೋಪಾನ' ಅಂತ ವೇದಿಕೆಯಿಂದ ಹೇಳುತ್ತಾರೆ. ಸಭೆ ಚಪ್ಪಾಳೆ ತಟ್ಟುತ್ತದೆ. ಹೊರಗೆ ಬಂದವರನ್ನು ಏನು ಹೇಳಿದರು ಅಂತ ಕೇಳಿ ನೋಡಿ. 'ಚೆನ್ನಾಗಿ ಮಾತಾಡಿದರು' ಅನ್ನುತ್ತಾರೆ, ಅಷ್ಟೇ. ಆ ಮಾತನ್ನು ಯಾರು ಬೇಕಾದರೂ ಹೇಳಬಹುದಿತ್ತು. ಅದಕ್ಕೇ ಅದು ಯಾರ ನೆನಪಿನಲ್ಲೂ ಉಳಿಯಲಿಲ್ಲ. ನೀವು ಮಾತ್ರ ಹೇಳಬಲ್ಲ ಮಾತು ಯಾವುದು? ಅದನ್ನು ಹುಡುಕುವುದೇ ಅರ್ಧ ತಯಾರಿ.

ಯಾರಿಗೆ ಹೇಳುತ್ತಿದ್ದೀರಿ?

ಪೆನ್ನು ಹಿಡಿಯುವ ಮೊದಲು ಸಭೆಯಲ್ಲಿ ಕೂರುವ ಒಬ್ಬರನ್ನು ಕಣ್ಣ ಮುಂದೆ ತಂದುಕೊಳ್ಳಿ. 'ಯುವಜನತೆ' ಅಂದರೆ ಯಾರ ಮುಖವೂ ಕಾಣುವುದಿಲ್ಲ. ಎರಡು ಸಲ ಫೇಲಾಗಿ, ಮೂರನೇ ಸಲ ಪರೀಕ್ಷೆ ಕಟ್ಟಲೋ ಬೇಡವೋ ಅಂತ ಯೋಚಿಸುತ್ತಿರುವ ಹುಡುಗಿ ಅಂದರೆ ಕಾಣುತ್ತದೆ. ನಿಮ್ಮ ಮಾತು ಕೇಳಿ ಅವಳು ನಾಳೆ ಬೆಳಿಗ್ಗೆ ಏನು ಮಾಡಬೇಕು? ಒಂದೇ ಸಾಲಿನಲ್ಲಿ ಬರೆಯಿರಿ. 'ಧೈರ್ಯ ತಂದುಕೊಳ್ಳಲಿ' ಅಂದರೆ ಸಾಲದು. 'ಅರ್ಜಿ ತುಂಬಲಿ' ಅಂದರೆ ಸರಿ. ಈ ಸಾಲಿಗೆ ಸಂಬಂಧವಿಲ್ಲದ್ದು ಎಷ್ಟೇ ಚೆಂದವಿದ್ದರೂ ತೆಗೆದುಹಾಕಿ.

ಉಪದೇಶ ಬೇಡ, ಕಂಡದ್ದನ್ನು ಹೇಳಿ

ಈ ಎರಡನ್ನು ಜೋರಾಗಿ ಓದಿ ನೋಡಿ. ಮೊದಲನೆಯದು: 'ಫೇಲಾದಾಗ ತುಂಬಾ ಕುಗ್ಗಿಹೋಗಿದ್ದೆ, ಬದುಕೇ ಕತ್ತಲಾಗಿತ್ತು.'

ಎರಡನೆಯದು: 'ನೋಟಿಸ್ ಬೋರ್ಡಿನ ಮೇಲೆ ಬೆರಳಿಟ್ಟು ನಂಬರ್ ಹುಡುಕಿದೆ. ನನ್ನ ಹಿಂದಿನ ನಂಬರ್ ಇತ್ತು. ಮುಂದಿನದೂ ಇತ್ತು. ನನ್ನದಿರಲಿಲ್ಲ. ಕಣ್ತಪ್ಪಿರಬೇಕು ಅಂತ ಮತ್ತೆ ಮೇಲಿಂದ ನೋಡುತ್ತಾ ಬಂದೆ. ಹಿಂದೆ ನಿಂತಿದ್ದವರು, ಸ್ವಲ್ಪ ಸರೀರಿ ಅಂದರು.'

ಎರಡನೆಯದರಲ್ಲಿ ದುಃಖ ಅನ್ನುವ ಪದವೇ ಇಲ್ಲ. ಆದರೂ ಹೊಟ್ಟೆಯೊಳಗೆ ಏನೋ ಆಗುತ್ತದೆ, ಅಲ್ವಾ? ಆ ಬೆರಳು, ಆ 'ಸರೀರಿ' ಅನ್ನುವ ಮಾತು ಕೇಳುವವರನ್ನು ಅಲ್ಲಿಗೇ ಕರೆದುಕೊಂಡು ಹೋಗುತ್ತವೆ.

ಇನ್ನೊಂದು ಮಾತು, ಇದು ನನಗೆ ಎಲ್ಲಕ್ಕಿಂತ ಮುಖ್ಯ. ಬಿದ್ದ ಕಥೆಯನ್ನು ಹತ್ತು ನಿಮಿಷ ಹೇಳಿ, ಎದ್ದ ಕಥೆಯನ್ನು 'ಛಲ ಬಿಡಲಿಲ್ಲ' ಅಂತ ಎರಡೇ ಪದದಲ್ಲಿ ಮುಗಿಸುವವರು ಜಾಸ್ತಿ. ಆ ಹುಡುಗಿಗೆ ಬೇಕಾಗಿರುವುದು ಎದ್ದ ಕಥೆ. ಮರುದಿನ ಏನು ಮಾಡಿದಿರಿ? ಯಾರ ಹತ್ತಿರ ಹೋಗಿ ಕೇಳಿದಿರಿ? ಯಾವ ಪಾಠದಿಂದ ಮತ್ತೆ ಶುರು ಮಾಡಿದಿರಿ? ಅದನ್ನು ಬಿಡಿಸಿ ಹೇಳಿ. ಕಥೆ ನಿಮ್ಮದಲ್ಲದಿದ್ದರೆ ಯಾರದು ಅಂತ ಹೇಳಿಬಿಡಿ. ಕಟ್ಟಿದ ಕಥೆ ಮಾತ್ರ ಬೇಡವೇ ಬೇಡ.

ಸ್ಟೀವ್ ಜಾಬ್ಸ್ 2005ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪದವೀಧರರಿಗೆ ಹೇಳಿದ್ದು ತಮ್ಮ ಬದುಕಿನ ಮೂರೇ ಕಥೆ. ಕಾಲೇಜು ಬಿಟ್ಟದ್ದು, ತಾವೇ ಕಟ್ಟಿದ ಆಪಲ್ ಕಂಪನಿಯಿಂದ ಹೊರಬಿದ್ದದ್ದು, ಕ್ಯಾನ್ಸರ್ ಬಂದದ್ದು. ಹೆಚ್ಚು ಕಡಿಮೆ 15 ನಿಮಿಷದಲ್ಲಿ ಎಲ್ಲ ಮುಗಿದಿತ್ತು.

ಮೊಟಕು ಮಾಡಿ

1863ರ ನವೆಂಬರ್ 19ರಂದು ಅಮೆರಿಕದ ಗೆಟ್ಟಿಸ್‌ಬರ್ಗ್‌ನಲ್ಲಿ ಯುದ್ಧದಲ್ಲಿ ಮಡಿದ ಸೈನಿಕರನ್ನು ನೆನೆಯುವ ಸಭೆಯಲ್ಲಿ ಮುಖ್ಯ ಭಾಷಣಕಾರ ಎಡ್ವರ್ಡ್ ಎವರೆಟ್ ಸುಮಾರು ಎರಡು ಗಂಟೆ ಮಾತಾಡಿದರು. ಆಮೇಲೆ ಎದ್ದ ಅಧ್ಯಕ್ಷ ಅಬ್ರಹಾಂ ಲಿಂಕನ್ ಆಡಿದ್ದು ಸುಮಾರು 270 ಪದ. ಎರಡು ಗಂಟೆಯಲ್ಲಿ ತನಗೆ ಸಿಗದ ತಿರುಳು ನಿಮಗೆ ಎರಡು ನಿಮಿಷದಲ್ಲಿ ಸಿಕ್ಕಿತು ಎಂಬರ್ಥದಲ್ಲಿ ಮರುದಿನ ಎವರೆಟ್ಟರೇ ಲಿಂಕನ್‌ಗೆ ಪತ್ರ ಬರೆದರು. ನಿಮಗೆ 15 ನಿಮಿಷ ಕೊಟ್ಟಿದ್ದರೆ 12ಕ್ಕೆ ತಯಾರಾಗಿ.

ಕಿವಿಗೆ ಬರೆಯಿರಿ, ಬಾಯಿಂದ ತಿದ್ದಿ

ಓದುವವರು ಹಿಂದಿನ ಪುಟ ತಿರುವಿ ನೋಡಬಹುದು. ಕೇಳುವವರಿಗೆ ಆ ಅವಕಾಶವಿಲ್ಲ. ಅದಕ್ಕೇ ವಾಕ್ಯ ಚಿಕ್ಕದಿರಲಿ, ಮುಖ್ಯ ಮಾತು ಮತ್ತೆ ಮತ್ತೆ ಬರಲಿ. ಬರೆದದ್ದನ್ನು ಎದ್ದು ನಿಂತು ಗಟ್ಟಿಯಾಗಿ ಓದಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಉಸಿರು ಸಾಲದ ಕಡೆ ವಾಕ್ಯ ಮುರಿಯಿರಿ. ನಾಲಿಗೆ ತೊಡರುವ ಪದ ಬದಲಿಸಿ.

ಪೂರ್ತಿ ಬಾಯಿಪಾಠ ಮಾಡಬೇಡಿ. ಒಂದು ಪದ ಮರೆತರೆ ಎಲ್ಲ ಕೈಬಿಟ್ಟು ಹೋಗುತ್ತದೆ. ಮೊದಲ ವಾಕ್ಯ, ಕೊನೆಯ ವಾಕ್ಯ ಇವೆರಡು ಬಾಯಿಗೆ ಬಂದಿರಲಿ. ನಡುವಿನದಕ್ಕೆ ಒಂದು ಚೀಟಿಯಲ್ಲಿ ನಾಲ್ಕು ಗುರುತು ಸಾಕು.

1963ರ ಆಗಸ್ಟ್ 28ರಂದು ವಾಷಿಂಗ್ಟನ್‌ನಲ್ಲಿ ಕಪ್ಪು ಜನರ ಸಮಾನ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ 'ನನಗೊಂದು ಕನಸಿದೆ' ಅಂದರಲ್ಲ, ಆ ಭಾಗ ಅವರು ಸಿದ್ಧಪಡಿಸಿ ತಂದಿದ್ದ ಪ್ರತಿಯಲ್ಲಿ ಇರಲಿಲ್ಲ. ಪಕ್ಕದಲ್ಲೇ ಇದ್ದ ಗಾಯಕಿ ಮಹಾಲಿಯಾ ಜಾಕ್ಸನ್ 'ಕನಸಿನ ಬಗ್ಗೆ ಹೇಳಿ' ಅಂತ ಕೂಗಿದರು ಎನ್ನುತ್ತಾರೆ. ಆದರೆ ಆ ಕನಸಿನ ಮಾತನ್ನು ಕಿಂಗ್ ಅದಕ್ಕೂ ಮೊದಲು ಬೇರೆ ಸಭೆಗಳಲ್ಲಿ ಆಡಿದ್ದರು. ಪಳಗಿದ ಮಾತು, ಅದಕ್ಕೇ ಕಾಗದ ಬಿಟ್ಟು ಹೇಳಲು ಆಯಿತು.

ವೇದಿಕೆ ಮೇಲೆ

ಹೋದ ಕೂಡಲೇ ಶುರು ಮಾಡಬೇಡಿ. ಒಂದು ಉಸಿರು ಎಳೆದುಕೊಳ್ಳಿ, ಒಬ್ಬರ ಮುಖ ನೋಡಿ, ನೇರವಾಗಿ ಕಥೆಗೆ ಬನ್ನಿ. ಮುಖ್ಯ ಮಾತಾದ ಮೇಲೆ ಸುಮ್ನೆ ನಿಲ್ಲಿ. ಎರಡು ಸೆಕೆಂಡಿನ ಆ ಮೌನ ನಿಮಗೆ ಬಹಳ ಉದ್ದ ಅನಿಸುತ್ತದೆ. ಕೇಳುವವರಿಗೆ ಮಾತು ಒಳಗಿಳಿಯಲು ಅಷ್ಟಾದರೂ ಬೇಕು. ಮುಗಿಸುವಾಗ 'ಇಷ್ಟು ಹೇಳಿ ನನ್ನ ಎರಡು ಮಾತು ಮುಗಿಸುತ್ತೇನೆ' ಅನ್ನಬೇಡಿ. ಬಾಯಿಗೆ ಬಂದಿರುವ ಆ ಕೊನೆಯ ವಾಕ್ಯ ಹೇಳಿ, ಆ ಹುಡುಗಿ ಕೂತಿರಬಹುದಾದ ಕಡೆಗೆ ಒಮ್ಮೆ ನೋಡಿ, ಕೆಳಗಿಳಿಯಿರಿ.