ಕೆಟ್ಟ ಫ್ರಿಜ್‌ನಲ್ಲಿ ದೋಸೆ ಹಿಟ್ಟು ಉಬ್ಬಿಸಿದ್ದು

ಮೊದಲೇ ಹೇಳಿಬಿಡುತ್ತೇನೆ, ಈ ಸಲ ಜುಲೈನಲ್ಲಿ ಒಂದು ದಿನವೂ ನನ್ನ ಹಿಟ್ಟು ಕೈಕೊಡಲಿಲ್ಲ. ಚಿಕ್ಕಮಗಳೂರಿನ ಜುಲೈ ಅಂದರೆ ಏನು ಅಂತ ಇಲ್ಲಿ ಹಿಟ್ಟು ಮಾರುವವರಿಗೆ ಗೊತ್ತು. ನಮ್ಮ ಅಡುಗೆಮನೆ ಒಳಗೇ 19, 20 ಡಿಗ್ರಿ. ಸಂಜೆ ಆರಕ್ಕೆ ರುಬ್ಬಿಟ್ಟ ಹಿಟ್ಟು ಬೆಳಗ್ಗೆ ಆರಕ್ಕೂ ಇಟ್ಟ ಹಾಗೇ ಕೂತಿರುತ್ತದೆ. ಗಿರಾಕಿ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ.

ಹೋದ ಮಳೆಗಾಲದ ಲೆಕ್ಕ ಕೇಳಿ. ನಾನು ದಿನಕ್ಕೆ 14 ಕೆಜಿ ಹಿಟ್ಟು ಮಾಡುತ್ತೇನೆ, ಕೆಜಿಗೆ 60 ರೂಪಾಯಿ. ಎರಡು ತಿಂಗಳಲ್ಲಿ ಹನ್ನೊಂದೋ ಹನ್ನೆರಡೋ ದಿನ ಹಿಟ್ಟು ಉಬ್ಬಲಿಲ್ಲ. ಕೆಲವು ದಿನ ಅರ್ಧ ಬೆಲೆಗೆ ಕೊಟ್ಟೆ, ಕೆಲವು ದಿನ ಸುಮ್ನೆ ಕೊಟ್ಟೆ. ಏಳೆಂಟು ಸಾವಿರ ಹೋಯಿತು. ಕಂಬಳಿ ಸುತ್ತಿದ್ದು, ಅಕ್ಕಿ ಮೂಟೆ ಮಧ್ಯೆ ಇಟ್ಟಿದ್ದು, ಬಿಸಿನೀರಿನ ಟಬ್‌ನಲ್ಲಿ ಕೂರಿಸಿದ್ದು ಎಲ್ಲಾ ಆಯಿತು. ಎರಡು ಕೆಜಿಗೆ ಅವೆಲ್ಲ ನಡೆಯುತ್ತವೆ. 14 ಕೆಜಿಗೆ ನಡೆಯುವುದಿಲ್ಲ.

ಅತ್ತೆ ಇದಕ್ಕೆಲ್ಲ ಕೈಗುಣ ಬೇಕು ಅಂದರು. ಅವರ ಕೈಯಲ್ಲೇ ಒಂದು ದಿನ ಕಲಸಿಸಿದೆ. ಅವತ್ತೂ ಉಬ್ಬಲಿಲ್ಲ. ಅವರು ಆಮೇಲೆ ಉದ್ದು ಸರಿಯಿಲ್ಲ ಅಂದರು.

ಗುಜರಿಯಲ್ಲಿ ಒಂಟಿ ಬಾಗಿಲಿನ 165 ಲೀಟರ್ ಫ್ರಿಜ್ ಸಿಕ್ಕಿತು, ಕಂಪ್ರೆಸರ್ ಅವರೇ ಕಿತ್ತುಕೊಂಡಿದ್ದರು. 500 ಕೊಟ್ಟೆ, ಆಟೋಗೆ 250. ಮನೆಯಂಗಳದಲ್ಲಿ ಇಳಿಸಿದಾಗ ನಮ್ಮನೆಯವರು ಒಂದು ಮಾತೂ ಆಡಲಿಲ್ಲ. ಪಕ್ಕದ ಮನೆಯವರು ಮಾತ್ರ ‘ಹಿಟ್ಟು ಉಬ್ಬೋಕೆ ಫ್ರಿಜ್ ಒಳಗಿಡ್ತೀರಾ?’ ಅಂತ ನಕ್ಕರು. ನಗಲಿ. ತಂಪು ಹೊರಗೆ ಹೋಗದಂತೆ ತಡೆಯುವ ಗೋಡೆ ಬಿಸಿಯನ್ನೂ ತಡೆಯುತ್ತದೆ, ಅಲ್ವಾ?

ಒಳಗಿನ ಫ್ರೀಜರ್ ತೆಗೆದು, ತಂತಿಯ ತಟ್ಟೆಗಳ ಮೇಲೆ 15 ಲೀಟರಿನ ಎರಡು ಡಬರಿ ಕೂರಿಸಿದೆ. ಕೆಳಗೆ ತರಕಾರಿ ಟ್ರೇ ಇದ್ದ ಜಾಗದಲ್ಲಿ 60 ವ್ಯಾಟಿನ ಹಳೇ ಗುಂಡು ಬಲ್ಬ್. ಎಲ್‌ಇಡಿ ಹಾಕಿದರೆ ಬೆಳಕು ಬರುತ್ತದೆ, ಹಿಟ್ಟಿಗೆ ಬೆಳಕಿನಿಂದ ಏನಾಗಬೇಕು? ಸೆನ್ಸರಿನಲ್ಲಿ ಬಿಸಿ ಅಳೆದು ಬಲ್ಬನ್ನು ತಾನೇ ಹತ್ತಿಸಿ ಆರಿಸುವ ಎಸ್‌ಟಿಸಿ 1000 ಕಂಟ್ರೋಲರ್ ತರಿಸಿದೆ, ಆರುನೂರು ಚಿಲ್ಲರೆ. ವೈರಿಂಗ್ ನಾನೇ ಮಾಡಿದೆ. ಡಿಸ್‌ಪ್ಲೇ ಬಂತು, ಬಲ್ಬ್ ಹತ್ತಲಿಲ್ಲ. ಒಂದು ಸಂಜೆ ಪೂರ್ತಿ ಹಾಳು. ಆ ಡಬ್ಬಿಯ ಹಿಂದಿನ ಹೀಟಿಂಗ್ ಪಾಯಿಂಟ್‌ನಿಂದ ಕರೆಂಟ್ ತಾನಾಗಿ ಬರುವುದಿಲ್ಲ, ಅದು ಬರೀ ಸ್ವಿಚ್ಚು. ಫೇಸ್ ವೈರನ್ನು ನಾವೇ ಅಲ್ಲಿಗೆ ಒಂದು ತುಂಡು ಎಳೆದು ಕೊಡಬೇಕು. ಇದನ್ನು ಹೇಳಿಕೊಟ್ಟಿದ್ದು ನಮ್ಮ ರಸ್ತೆಯ ಟಿವಿ ರಿಪೇರಿ ಹುಡುಗ. ದುಡ್ಡು ಬೇಡ ಅಂದ. ‘ಅಕ್ಕಾ, ನಮ್ಮನೇಲಿ ಇಡ್ಲಿ ಕಲ್ಲಾಗುತ್ತೆ, ಅದಕ್ಕೇನಾದ್ರೂ ಹೇಳಿ’ ಅಂದ. ಅವರು ಉದ್ದು ಅಕ್ಕಿ ಒಟ್ಟಿಗೇ ನೆನೆಸಿ ಮಿಕ್ಸಿಯಲ್ಲಿ ಒಟ್ಟಿಗೇ ತಿರುವುತ್ತಿದ್ದರು. ಬೇರೆ ಬೇರೆ ನೆನೆಸಿ, ಉದ್ದಿಗೆ ತಣ್ಣೀರು ಸ್ವಲ್ಪ ಸ್ವಲ್ಪ ಹಾಕಿ ರುಬ್ಬು, ಒಂದು ಹನಿ ಹಿಟ್ಟು ನೀರಲ್ಲಿ ಬಿಟ್ಟರೆ ತೇಲಬೇಕು ಅಂದೆ. ವಾರದ ಮೇಲೆ ತಾನೇ ಬಂದು ಹಳೇ ಕಂಪ್ಯೂಟರಿನ ಫ್ಯಾನೊಂದು ಕೊಟ್ಟು ಹೋದ. ಅಲ್ಲಿಂದ ನಮ್ಮ ವ್ಯವಹಾರ ಹೀಗೇ ನಡೆಯುತ್ತಿದೆ.

ಆ ಫ್ಯಾನ್ ಬರುವ ಮುಂಚೆ ನಾನು ಕೆಡಿಸಿದ್ದು ಬಹಳ. ಬಲ್ಬಿನ ಬಿಸಿ ನೇರ ಡಬರಿ ಅಡಿಗೆ ಬಿದ್ದು ತಳದ ಹಿಟ್ಟು ಅಂಟಿನ ಹಾಗೆ ಬೆಂದಿತ್ತು, ಮೇಲಿನದು ತಣ್ಣಗೆ. ಬಲ್ಬಿಗೆ ತೂತು ಕೊರೆದ ಎಣ್ಣೆ ಡಬ್ಬ ಮುಚ್ಚಿ, ಪಕ್ಕದಲ್ಲಿ ಫ್ಯಾನ್ ಇಟ್ಟ ಮೇಲೆ ಅದು ನಿಂತಿತು.

ನಿಜವಾದ ತಲೆನೋವು ಸೆನ್ಸರಿನದು. ಗಾಳಿಯಲ್ಲಿ ನೇತುಹಾಕಿದೆ. ಡಿಸ್‌ಪ್ಲೇ 30 ಅನ್ನುತ್ತದೆ, ಬಲ್ಬ್ ಆರುತ್ತದೆ, ಹಿಟ್ಟಿನ ನಡುವೆ ಥರ್ಮಾಮೀಟರ್ ಚುಚ್ಚಿದರೆ 22. ಸರಿ ಅಂತ ಸೆನ್ಸರನ್ನು ಹಿಟ್ಟಿನೊಳಗೇ ಮುಳುಗಿಸಿದೆ. ಈಗ ಹಿಟ್ಟು 30 ಆಗುವ ತನಕ ಬಲ್ಬ್ ಉರಿಯುತ್ತಲೇ ಇರುತ್ತದೆ. ಒಳಗಿನ ಗಾಳಿ 45 ದಾಟಿತು. ಅಂಚಿನ ಹಿಟ್ಟು ಹುಳಿ ಬಂದು ಉಕ್ಕಿತು, ನಡುವಿನದಕ್ಕೆ ಇನ್ನೂ ನಿದ್ದೆ. ಬೆಳಗಿನ ಜಾವ ಎದ್ದು ನೋಡಿದರೆ ಫ್ರಿಜ್ ಬಾಗಿಲಿನ ಸಂದಿಯಿಂದ ಹಿಟ್ಟು ಇಳಿಯುತ್ತಿದೆ. ಅಂಥ ಎರಡು ದಿನ ಆಯಿತು. ರಬ್ಬರಿನ ಸಂದಿಗೆ ಸೇರಿದ ಹುಳಿ ವಾಸನೆ ಹೋಗೋಕೆ ಒಂದು ತಿಂಗಳು ಬೇಕಾಯಿತು.

ಅವತ್ತು ಬಾಗಿಲು ಒರೆಸುತ್ತಾ ಹೊಳೆದದ್ದು ಇದು. ಬಲ್ಬು 14 ಕೆಜಿ ಹಿಟ್ಟನ್ನು ಬಿಸಿ ಮಾಡೋಕೆ ಹೊರಟರೆ ಸೋಲುತ್ತದೆ. ಅದರ ಕೆಲಸ ಅದಲ್ಲ. ಹಿಟ್ಟು ಬಿಸಿಯಾಗಿಯೇ ಒಳಗೆ ಹೋಗಬೇಕು, ಬಲ್ಬು ಅದು ಆರದ ಹಾಗೆ ಕಾದರೆ ಸಾಕು. ಉದ್ದಿಗೆ ತಣ್ಣೀರೇ. ಅಕ್ಕಿ ರುಬ್ಬುವಾಗ ಮಾತ್ರ ಉಗುರು ಬೆಚ್ಚಗಿನ ನೀರು ಹಾಕಿದೆ. ಎರಡನ್ನೂ ಕಲಸಿದಾಗ 29, 30 ಡಿಗ್ರಿ ಇರಬೇಕು. ಗ್ರೈಂಡರ್ ಕಲ್ಲೂ ಸ್ವಲ್ಪ ಬಿಸಿ ಕೊಡುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಬೇಸಿಗೆಯಲ್ಲಿ ನಾವೇ ಐಸ್ ನೀರು ಹಾಕುವುದಿಲ್ಲವೇ, ಮಳೆಗಾಲಕ್ಕೆ ಅದನ್ನೇ ತಿರುಗಿಸಿದ್ದು. ಇಷ್ಟು ಹೊಳೆಯೋಕೆ ನನಗೆ ನಾಲ್ಕು ತಿಂಗಳು.

ಈಗ ಸೆನ್ಸರ್ ಗಾಳಿಯಲ್ಲೂ ಇಲ್ಲ, ಹಿಟ್ಟಲ್ಲೂ ಇಲ್ಲ. ಒಂದು ಲೀಟರ್ ಬಾಟಲಿಯಲ್ಲಿ ಬೆಚ್ಚನೆ ನೀರು ತುಂಬಿ ಅದರೊಳಗೆ ಬಿಟ್ಟಿದ್ದೇನೆ. ಸೆಟ್ಟಿಂಗ್ 30. ಎಷ್ಟು ಇಳಿದರೆ ಬಲ್ಬ್ ಮತ್ತೆ ಹತ್ತಬೇಕು ಅನ್ನುವ ಎಫ್ 2 ಒಂದು ಡಿಗ್ರಿ. ಬಂದ ಹಾಗೇ ಅರ್ಧ ಡಿಗ್ರಿಗೆ ಬಿಟ್ಟರೆ ರಾತ್ರಿಯೆಲ್ಲಾ ಟಿಕ್ ಟಿಕ್. ಎಂಟೂವರೆ, ಒಂಬತ್ತು ಗಂಟೆಗೆ ಹಿಟ್ಟು ಸರಿಯಾಗಿ ಬರುತ್ತದೆ. ಬಲ್ಬು ನಾಲ್ಕರಲ್ಲಿ ಒಂದು ಪಾಲು ಹೊತ್ತು ಉರಿದರೆ ಹೆಚ್ಚು. ತಿಂಗಳಿಗೆ ಐದಾರು ಯೂನಿಟ್ ಇರಬಹುದು. ಮೂರು ಗಂಟೆ ಕರೆಂಟ್ ಹೋದ ರಾತ್ರಿಯೂ ಹಿಟ್ಟು ಇಳಿದಿದ್ದು ಎರಡು ಡಿಗ್ರಿ ಅಷ್ಟೇ. ಕಳೆದ ಆಷಾಢದಲ್ಲಿ ನಕ್ಕವರ ಮನೆಗೂ ಈಗ ಹಿಟ್ಟು ಇಲ್ಲಿಂದಲೇ ಹೋಗುತ್ತದೆ.

ನಡುವೆ ಒಂದು ರಾತ್ರಿ ಬಲ್ಬ್ ಸುಟ್ಟಿತು, 14 ಕೆಜಿ ಪೂರ್ತಿ ಹೋಯಿತು. ಅದಕ್ಕೇ ಈಗ 60ರ ಬದಲು 40 ವ್ಯಾಟಿನ ಎರಡು. ಒಂದು ಹೋದರೂ ಇನ್ನೊಂದು ಎಳೆಯುತ್ತದೆ. ಇನ್ನೊಂದು ವಿಷಯದಲ್ಲಿ ಮಾತ್ರ ಜುಗ್ಗತನ ಮಾಡಬೇಡಿ. ಒಳಗೆ ಆವಿ ಕಟ್ಟಿ ನೀರು ಹನಿಯುತ್ತದೆ. ಹೋಲ್ಡರಿಗೆ ನೀರಿಳಿದು ನನಗೊಮ್ಮೆ ತಂತಿ ತಟ್ಟೆ ಮುಟ್ಟಿದಾಗ ಜುಮ್ ಅಂತು. ಮಾರನೇ ದಿನವೇ ಎಲೆಕ್ಟ್ರಿಷಿಯನ್ ಕರೆಸಿ, ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಆರ್‌ಸಿಸಿಬಿ ಹಾಕಿಸಿದೆ, ಒಂದೂವರೆ ಸಾವಿರದ ಹತ್ತಿರ, ಕೂಲಿ 400. ಕಂಟ್ರೋಲರ್ ಫ್ರಿಜ್ ಹೊರಗೆ. ತಟ್ಟೆಗೆ ಅರ್ಥಿಂಗ್. ಎಲ್ಲಾ ಸೇರಿ ಮೂರೂವರೆ ಸಾವಿರ ಆಗಿರಬೇಕು, ಕೆಡಿಸಿದ ಹಿಟ್ಟು ಬಿಟ್ಟು.

ಹಗಲು ಖಾಲಿ ಇರುತ್ತದಲ್ಲ ಅಂತ ಬೇರೆಯದನ್ನೂ ನೋಡಿದೆ. 42ಕ್ಕೆ ಇಟ್ಟು ಮೊಸರು ಮಾಡಿದರೆ ಐದು ಗಂಟೆಗೆ ಚಾಕುವಿನಲ್ಲಿ ಕುಯ್ಯುವ ಹಾಗೆ ಹೆಪ್ಪಾಗುತ್ತದೆ. ಅತ್ತೆ ಈಗ ಕೇಳದೆಯೇ ತಮ್ಮ ಮೊಸರಿನ ಪಾತ್ರೆ ತಂದು ಒಳಗಿಡುತ್ತಾರೆ, ಕೈಗುಣದ ಮಾತು ಎತ್ತುವುದಿಲ್ಲ. ಹೆಸರುಕಾಳು ಮೊಳಕೆಯೂ ಚೆನ್ನಾಗಿ ಬಂತು. ಮಳೆಗಾಲದಲ್ಲಿ ಸಂಡಿಗೆ ಒಣಗಿಸೋಣ ಅಂತ ಹೋಗಿ ಮಾತ್ರ ಮುಖಭಂಗ. ಬಿಸಿ ಇದೆ, ತೇವ ಹೊರಗೆ ಹೋಗೋಕೆ ದಾರಿ ಇಲ್ಲ. ಎರಡನೇ ದಿನ ಸಂಡಿಗೆ ಮೇಲೆ ಬೂಷ್ಟು. ಹಿಂಬದಿಗೆ ತೂತು ಕೊರೆಯುವ ಯೋಚನೆ ಬಂತು, ಹಿಟ್ಟಿಗೆ ಕೆಟ್ಟದು ಅಂತ ಬಿಟ್ಟೆ.

ಅಳತೆ ಕೇಳುತ್ತೀರಿ, ಗೊತ್ತು. ಐದು ಕೆಜಿ ಅಕ್ಕಿಗೆ ಒಂದೂಕಾಲು ಕೆಜಿ ಉದ್ದು, ಅವಲಕ್ಕಿ ಎರಡು ಹಿಡಿ. ಮೆಂತೆ ಎಷ್ಟು, ಅವಲಕ್ಕಿ ಜೊತೆ ಇನ್ನೊಂದು ಏನು ಹಾಕುತ್ತೇನೆ ಅನ್ನುವುದು ನನ್ನ ಹೊಟ್ಟೆಪಾಡು, ಅದು ಬೇಡ. ಸೋಡಾ ಅಲ್ಲ, ಅಷ್ಟು ಹೇಳಬಲ್ಲೆ.

ಒಂದು ಕಷ್ಟ ಉಳಿದಿದೆ. ಆ ಗುಂಡು ಬಲ್ಬ್ ಈಗ ಯಾವ ಅಂಗಡಿಯಲ್ಲೂ ಇಡುತ್ತಿಲ್ಲ. ಪೇಟೆಯೆಲ್ಲಾ ತಿರುಗಿ ಒಬ್ಬರ ಅಟ್ಟದಲ್ಲಿದ್ದ ಹಳೇ ಸ್ಟಾಕಿನಿಂದ ಆರು ತಂದಿದ್ದೆ, ಇನ್ನು ಮೂರಿವೆ. ಹಾಸನದಲ್ಲೋ ಕಡೂರಲ್ಲೋ ಯಾರ ಹತ್ತಿರವಾದರೂ 40 ವ್ಯಾಟಿನವು ಇದ್ದರೆ ಒಂದು ಡಜನ್ ತೆಗೆದಿಡಿ. ದುಡ್ಡೂ ಕೊಡುತ್ತೇನೆ, ಮೆಂತೆ ಅಳತೆಯನ್ನೂ ಹೇಳುತ್ತೇನೆ.